ಬಾಲದ ಗಾಲಿ ಮತ್ತು ನನ್ನ ಹೆಬ್ಬೆರಳು

ಆ ಶನಿವಾರ ನಾನು ಮಾಡಿದ್ದು ಒಂದೂವರೆ ತಾಸಿನ ಕೆಲಸ. ವಿಮಾನದ ಬಾಲವನ್ನು ಎತ್ತಿ ಕಟ್ಟಿಗೆಯ ಸ್ಟ್ಯಾಂಡಿನ ಮೇಲೆ ಕೂರಿಸಿದೆ. ಬಾಲದ ಗಾಲಿಯ ಎರಡೂ ಬದಿಯ ಹಳೆಯ ಸ್ಪ್ರಿಂಗುಗಳನ್ನು ಬಿಚ್ಚಿ ಹೊಸವನ್ನು ಹಾಕಿದೆ. ಸರಪಳಿ ಜೋಡಿಸಿದೆ. ಕೈ ಒರೆಸಿಕೊಂಡು ವಿಮಾನದ ದಾಖಲೆ ಪುಸ್ತಕದಲ್ಲಿ ಬರೆದು ಸಹಿ ಮಾಡಿದೆ. ಇದಕ್ಕಿಂತ ಕಷ್ಟದ ಕೆಲಸಗಳನ್ನು ಕಣ್ಣುಮುಚ್ಚಿ ಮಾಡಿದವನು ನಾನು ಎಂದು ಹೇಳಿಕೊಂಡು ತಿರುಗುತ್ತಿದ್ದ ಕಾಲ ಅದು. ಈಗ ಹಾಗೆ ಹೇಳಲು ನಾಚಿಕೆಯಾಗುತ್ತದೆ.

ಬಾಗಲಕೋಟೆಯಿಂದ ಬಾದಾಮಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ಖಾಸಗಿಯವರ ಒಂದು ಗರಸು ಮಣ್ಣಿನ ರನ್‌ವೇ ಇದೆ. ತಗಡಿನ ಶೆಡ್ಡು, ಅದರಲ್ಲಿ ಎರಡು ಸಣ್ಣ ವಿಮಾನ, ಹಾರಲು ಕಲಿಸುವ ಒಬ್ಬ ಹಿರಿಯ ಪೈಲಟ್, ಮತ್ತು ಎಂಜಿನಿಯರ್ ಎಂಬ ದೊಡ್ಡ ಹೆಸರಿನ ನಾನು. ಹಿರಿಯ ಪೈಲಟ್ಟರನ್ನು ಎಲ್ಲರೂ ಸಾಹೇಬರು ಅನ್ನುತ್ತೇವೆ. ಸುತ್ತಲ ಹೊಲದವರಿಗೆ ನಾನು ವಿಮಾನದ ಮಿಸ್ತ್ರಿ. ನನ್ನ ಸಹಿ ಬೀಳದೆ ಅಲ್ಲಿಂದ ಯಾವ ವಿಮಾನವೂ ಮೇಲೇಳುವುದಿಲ್ಲ. ಈ ಒಂದು ಸಂಗತಿ ನನ್ನ ಎದೆಯನ್ನು ಎರಡಿಂಚು ಹೆಚ್ಚೇ ಉಬ್ಬಿಸಿತ್ತು.

ಎರಡರಲ್ಲಿ ಹಳೆಯದು ಬಾಲದ ಗಾಲಿಯದು. ಮುಂದೆ ಎರಡು ದೊಡ್ಡ ಗಾಲಿ, ಹಿಂದೆ ಬಾಲದ ಕೆಳಗೆ ಮುಷ್ಟಿಗಿಂತ ತುಸು ದೊಡ್ಡದಾದ ಒಂದು ಪುಟ್ಟ ಗಾಲಿ. ಆಕಾಶದಲ್ಲಿ ಅದು ಬಹಳ ಸಾಧು. ನೆಲಕ್ಕಿಳಿದ ಮೇಲೆ ಅದರ ಗುಣವೇ ಬೇರೆ. ಭಾರವೆಲ್ಲ ದೊಡ್ಡ ಗಾಲಿಗಳ ಹಿಂದೆ ಇರುವುದರಿಂದ ಬಾಲವು ಸದಾ ಮುಂದಕ್ಕೆ ಬರಲು ಹವಣಿಸುತ್ತದೆ. ಮಕ್ಕಳ ಮೂರು ಗಾಲಿಯ ಸೈಕಲ್ಲನ್ನು ಹಿಂದುಮುಂದಾಗಿ ಜೋರಾಗಿ ನೂಕಿ ನೋಡಿ, ನಾಲ್ಕು ಮಾರು ಹೋಗುವಷ್ಟರಲ್ಲಿ ಗಿರಕಿ ಹೊಡೆಯುತ್ತದೆ. ಈ ವಿಮಾನ ಪ್ರತಿ ಸಲ ಇಳಿದಾಗಲೂ ಹಾಗೆ ಮಾಡಲು ನೋಡುತ್ತದೆ, ಪೈಲಟ್ಟನ ಎರಡು ಕಾಲು ಅದನ್ನು ತಡೆಯುತ್ತವೆ. ಕಾಲಿನ ಪೆಡಲ್ ಒತ್ತಿದರೆ ಬಾಲದ ಚುಕ್ಕಾಣಿ ತಿರುಗುತ್ತದೆ, ಚುಕ್ಕಾಣಿಗೆ ಸರಪಳಿ ಮತ್ತು ಸ್ಪ್ರಿಂಗಿನಿಂದ ಕಟ್ಟಿರುವ ಬಾಲದ ಗಾಲಿಯೂ ತಿರುಗುತ್ತದೆ.

ನೆಲದ ಮೇಲೆ ಓಡುವಾಗ ಆ ಗಾಲಿ ಗಡಗಡ ನಡುಗುತ್ತದೆ ಎಂದು ಸಾಹೇಬರು ದೂರು ಹೇಳಿದ್ದರು. ಸ್ಪ್ರಿಂಗು ಸೋತಿದ್ದವು, ಬದಲಿಸಿದ್ದು ಸರಿಯೇ. ಬದಲಿಸಿದ ಮೇಲೆ ಸರಪಳಿ ಕೊಂಚ ಜೋತು ಬಿದ್ದಿತ್ತು. ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದೆ: ಬಾಲವನ್ನು ನೆಲಕ್ಕಿಳಿಸಿ, ಭಾರ ಬಿದ್ದ ಮೇಲೆ ನೋಡಬೇಕು, ಸರಪಳಿ ತುಸು ಸಡಿಲವಾಗಿಯೇ ಇರಬೇಕು. ಆ ಪುಟ ನನಗೆ ಬಾಯಿಪಾಠ. ಆದರೂ ಜೋತು ಬಿದ್ದದ್ದನ್ನು ನೋಡಿದ ಕೂಡಲೇ ಕೈ ಸುಮ್ಮನಿರಲಿಲ್ಲ. ಎರಡೂ ಬದಿಯಿಂದ ಒಂದೊಂದು ಕೊಂಡಿ ತೆಗೆದು ಸೆಳೆದು ಕಟ್ಟಿದೆ. ಬಾಲ ಇನ್ನೂ ಸ್ಟ್ಯಾಂಡಿನ ಮೇಲೆಯೇ ಇತ್ತು. ಹೆಬ್ಬೆರಳಿನಿಂದ ಮೀಟಿದೆ. ಎಡಕ್ಕೂ ಬಲಕ್ಕೂ ಒಂದೇ ಸದ್ದು ಬಂತು. ಇಳಕಲ್ಲಿನಲ್ಲಿ, ನೇಕಾರರ ಮನೆಯಲ್ಲಿ ಹುಟ್ಟಿದವನು ನಾನು. ಮಗ್ಗದ ಹಾಸಿನ ಎಳೆ ಸಡಿಲ ಬಿದ್ದರೆ ಅಪ್ಪನ ಮುಖ ಸಿಂಡರಿಸುತ್ತಿತ್ತು. ಮೀಟಿ ಬಿಗಿ ನೋಡುವುದನ್ನು ಅಕ್ಷರ ಕಲಿಯುವ ಮೊದಲೇ ಕಲಿತಿದ್ದೆ. ಸಡಿಲ ಎಂದರೆ ಕೆಟ್ಟ ಕೆಲಸ ಎಂದು ಆ ಬೆರಳು ತಾನೇ ತೀರ್ಮಾನಿಸಿಬಿಡುತ್ತಿತ್ತು.

ಮರುದಿನ ಭಾನುವಾರ ಬೆಳಿಗ್ಗೆ ಒಂದು ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಸಾಹೇಬರು ಹಾರಿ, ಮೂರು ಸಲ ಇಳಿಸಿ, "ಗಡಗಡ ಹೋತು ನೋಡು. ಹೊಸಾ ಗಾಡಿ ಆಗೇತಿ" ಅಂದರು. ನಾನು ಮೀಸೆಯಲ್ಲೇ ನಕ್ಕೆ.

ಮಂಗಳವಾರ ಅದೇ ವಿಮಾನವನ್ನು ಒಂಟಿಯಾಗಿ ತೆಗೆದುಕೊಂಡು ಹೋದವಳು ಕಲಾದಗಿಯ ದಾಳಿಂಬೆ ತೋಟದವರ ಮಗಳು. ಪೈಲಟ್ ಲೈಸನ್ಸ್ ಆಗಲೇ ಇತ್ತು. ಬಾಲದ ಗಾಲಿಯ ವಿಮಾನವನ್ನು ಪಳಗಿಸಿಕೊಂಡಿದ್ದಾಳೆ ಎಂದು ಸಾಹೇಬರು ಬರೆದುಕೊಟ್ಟರೆ ಮುಂದಿನ ತಿಂಗಳಿಂದ ಅವಳು ನಮ್ಮಲ್ಲೇ ಸಹಾಯಕ ಶಿಕ್ಷಕಿ. ಎರಡು ವರ್ಷದಿಂದ ಅವಳು ಕಾದದ್ದು ಆ ಒಂದು ಹಾಳೆಗೆ. ನನ್ನನ್ನು ಕಾಕಾ ಎನ್ನುತ್ತಿದ್ದಳು.

ಆಷಾಢದ ಗಾಳಿ ಗೊತ್ತಲ್ಲ, ಒಂಬತ್ತಾಗುತ್ತಲೇ ಪಶ್ಚಿಮದಿಂದ ಎದ್ದುಬಿಡುತ್ತದೆ. ನಮ್ಮ ರನ್‌ವೇ ಉತ್ತರ ದಕ್ಷಿಣ. ಅವಳು ಉತ್ತರಕ್ಕೆ ಮುಖಮಾಡಿ ಇಳಿಯುವಾಗ ಗಾಳಿಯ ದಿಕ್ಕು ತೋರುವ ಕಂಬದ ಗಾಳಿಚೀಲ ಅಡ್ಡಲಾಗಿ ತುಂಬಿಕೊಂಡು ನಿಂತಿತ್ತು. ಗಾಳಿ ಎಡದಿಂದ. ಅಂಥ ಗಾಳಿಯಲ್ಲಿ ಎಡರೆಕ್ಕೆಯನ್ನು ತುಸು ತಗ್ಗಿಸಿ, ಬಲ ಪೆಡಲ್ ಒತ್ತಿ ಹಿಡಿದು ಮೂತಿಯನ್ನು ನೇರ ಇಟ್ಟುಕೊಂಡು ಇಳಿಸಬೇಕು. ಹಾಗೆಯೇ ಇಳಿಸಿದಳು. ಶೆಡ್ಡಿನ ಬಾಗಿಲಲ್ಲಿ ನಿಂತ ನಾನು ಮನಸ್ಸಿನಲ್ಲೇ ಶಭಾಷ್ ಅಂದೆ. ಮೂರೂ ಗಾಲಿ ಒಟ್ಟಿಗೆ ನೆಲ ಮುಟ್ಟಿದವು. ಮುಟ್ಟಿದ ಕ್ಷಣವೇ ವಿಮಾನ ಬಲಕ್ಕೆ ಚಿಮ್ಮಿತು. ಎಡಗಾಲಿನಿಂದ ತಡೆದಳು. ಅದು ಎಡಕ್ಕೆ ಹೊರಳಿ ಅಲ್ಲಿಯೂ ನಿಲ್ಲದೆ ಗಾಳಿಯ ಕಡೆಗೇ ಗಿರ್ರನೆ ತಿರುಗಿತು. ಬಲರೆಕ್ಕೆಯ ತುದಿ ನೆಲ ಕೆರೆಯಿತು. ಬಲಗಾಲಿಯ ಕಂಬ ಒಳಕ್ಕೆ ಮಡಚಿಕೊಂಡಿತು. ಕೆಂಪು ಧೂಳು ಎದ್ದು, ಇಳಿದಾಗ ವಿಮಾನ ಬಂದ ದಾರಿಗೇ ಮುಖ ಮಾಡಿ ಒಂದು ಮಗ್ಗುಲಿಗೆ ವಾಲಿ ಕೂತಿತ್ತು.

ನಾವು ಓಡಿ ಮುಟ್ಟುವಷ್ಟರಲ್ಲಿ ಎಂಜಿನ್ ಆರಿಸಿ, ಪೆಟ್ರೋಲ್ ಬಂದ್ ಮಾಡಿ ಇಳಿದು ನಿಂತಿದ್ದಳು. ಮೈಮೇಲೆ ಒಂದು ಗೀರೂ ಇರಲಿಲ್ಲ. ಮುಖ ಮಾತ್ರ ಸುಣ್ಣ ಬಳಿದಂತೆ ಆಗಿತ್ತು.

"ಎಡ ಪೆಡಲ್ ಇಷ್ಟ ಒತ್ತೀನ್ರಿ ಸರ್," ಎಂದು ಎರಡು ಬೆರಳು ತೋರಿಸಿದಳು. "ಅದು ಪೂರಾ ತಿರುಗಿಬಿಡ್ತು."

"ಎಲ್ಲಾರೂ ಹಂಗ ಅಂತಾರವಾ," ಸಾಹೇಬರು ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ನಾಟುವಂತಿತ್ತು. "ಹೆದರಿದ ಕಾಲಿಗಿ ತಾ ಎಷ್ಟು ಒತ್ತೀನಿ ಅನ್ನೂದು ಗೊತ್ತಾಗೂದಿಲ್ಲ. ಈ ಗಾಡಿಗಿ ಕಾಲಾಗ ಬುದ್ಧಿ ಇರಬೇಕು. ನಿನ್ನ ಕಾಲು ತಡ ಅದಾವು."

ಅವಳು ತನ್ನ ಬೂಟುಗಳನ್ನು ನೋಡಿದಳು. "ಹೌದ್ರಿ ಸರ್. ತಪ್ಪು ನಂದ."

ಸಂಜೆ ವಿಮಾನವನ್ನು ಟ್ರ್ಯಾಕ್ಟರಿನಿಂದ ಎಳೆದು ಶೆಡ್ಡಿಗೆ ಹಾಕಿದ ಮೇಲೆ ಅಳತೆ ಟೇಪು ಹಿಡಿದು ರನ್‌ವೇಗೆ ಹೋದೆ. ವರದಿಗೆ ಗಾಲಿಗಳ ಗುರುತು ಬರೆದುಕೊಳ್ಳಬೇಕಿತ್ತು. ಗರಸು ಮಣ್ಣು ಎಲ್ಲವನ್ನೂ ಉಳಿಸಿಕೊಂಡಿತ್ತು. ದೊಡ್ಡ ಗಾಲಿಗಳ ಎರಡು ಗೆರೆ ಮೊದಲ ಕೆಲವು ಹೆಜ್ಜೆ ಚೊಕ್ಕ ನೇರ. ನಡುವೆ ಬಾಲದ ಗಾಲಿಯದು ಬೆರಳಗಲದ ತೆಳು ಗೆರೆ ಇರಬೇಕಿತ್ತು. ಅದರ ಬದಲು ನೆಲ ಮುಟ್ಟಿದ ಜಾಗದಿಂದಲೇ ಅಂಗೈ ಅಗಲಕ್ಕೆ ಮಣ್ಣು ಉಜ್ಜಿಹೋಗಿತ್ತು. ಗಾಲಿ ಓಡಿದ್ದಲ್ಲ, ಅಡ್ಡ ತಿರುಗಿಕೊಂಡೇ ನೆಲಕ್ಕೆ ಬಿದ್ದಿತ್ತು. ಬಲ ಪೆಡಲ್ ಒತ್ತಿ ಹಿಡಿದಿದ್ದಾಗ ಗಾಲಿ ಕೊಂಚ ಬಲಕ್ಕೆ ತಿರುಗುವುದು ಸಹಜ. ಆದರೆ ಸರಪಳಿಯ ಸಡಿಲು ಅದರ ಬಹುಭಾಗವನ್ನು ನುಂಗಿಕೊಳ್ಳಬೇಕು. ಆ ಸಡಿಲು ಅಲ್ಲಿರುವುದೇ ಅದಕ್ಕಾಗಿ.

ನಾನು ಟೇಪು ಸುತ್ತಿಕೊಂಡು ಎದ್ದೆ. ಶೆಡ್ಡಿಗೆ ಬಂದು ವಿಮಾನದ ಬಾಲವನ್ನು ನೆಲದ ಮೇಲೆಯೇ ಇಟ್ಟು ಸರಪಳಿ ಮೀಟಿದೆ. ಶನಿವಾರಕ್ಕಿಂತ ಇನ್ನೂ ಬಿಗಿ. ಭಾರ ಬಿದ್ದಾಗ ಅದು ಮತ್ತಷ್ಟು ಸೆಟೆದುಕೊಂಡಿತ್ತು. ನಾನು ತೆಗೆದಿದ್ದ ಎರಡು ಕೊಂಡಿಗಳು ಹತಾರದ ಪೆಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದವು. ಆ ಸಂಜೆಯೇ ನನಗೆ ಎಲ್ಲ ಗೊತ್ತಾಯಿತು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮುಂದಿನದು ಅರಿಯದೆ ಆದದ್ದಲ್ಲ.

ನಾನು ಯಾರಿಗೂ ಹೇಳಲಿಲ್ಲ.

ಮನುಷ್ಯ ತನಗೆ ತಾನೇ ಎಷ್ಟು ಚೆನ್ನಾಗಿ ವಕಾಲತ್ತು ವಹಿಸುತ್ತಾನೆ ಎಂಬುದು ಆ ದಿನಗಳಲ್ಲಿ ತಿಳಿಯಿತು. ಮೊದಲು ರೆಕ್ಕೆ ನೋಡೋಣ, ಆಮೇಲೆ ಹೇಳಿದರಾಯಿತು. ಸಾಹೇಬರೇ ಹಾರಿಸಿ ಸರಿ ಎಂದಿದ್ದಾರಲ್ಲ. ಅವಳ ಕಾಲೂ ಸ್ವಲ್ಪ ತಡವಿದ್ದಿರಬಹುದು. ಇಷ್ಟು ವರ್ಷ ನನ್ನ ಸಹಿಯ ಮೇಲೆ ಒಂದು ಕಪ್ಪುಚುಕ್ಕೆ ಇಲ್ಲ. ಹೀಗೆ ದಿನಕ್ಕೊಂದು. ರೆಕ್ಕೆಯ ತುದಿಯ ಹರಿದ ಬಟ್ಟೆ ಕತ್ತರಿಸಿದೆ, ಒಳಗಿನ ಮುರಿದ ಕಟ್ಟಿಗೆ ತೆಗೆದೆ, ಗಾಲಿಯ ಕಂಬ ಬಿಚ್ಚಿದೆ. ಬಾಲದ ಕಡೆಗೆ ಮಾತ್ರ ಹೋಗಲಿಲ್ಲ. ಶನಿವಾರ ಅವಳ ಅಪ್ಪ ಗಾಡಿ ತೆಗೆದುಕೊಂಡು ಬಂದರು. ಅವಳು ಪುಸ್ತಕ, ಹೆಡ್‌ಫೋನು, ಟೋಪಿ ಎಲ್ಲ ಒಂದು ಚೀಲಕ್ಕೆ ತುಂಬಿದಳು.

"ನಮ್ಮ ಕೂಸಿಗಿ ಇದು ಆಗಂಗಿಲ್ಲ ಬಿಡ್ರಿ," ಎಂದು ಅವರು ನನಗೆ ಕೈಮುಗಿದರು. "ನೀವು ಭಾಳ ಕಾಳಜಿ ಮಾಡೀರಿ."

ನಾನೂ ಕೈಮುಗಿದೆ. ಅದಕ್ಕಿಂತ ಹೇಸಿಗೆಯ ಕೆಲಸ ಜೀವನದಲ್ಲಿ ಮಾಡಿಲ್ಲ.

ಬುಧವಾರ ನಮಗೆ ರಜೆ. ಬಸ್ಸು ಹಿಡಿದು ಹುನಗುಂದದ ಮೇಲೆ ಇಳಕಲ್ಲಿಗೆ ಹೋದೆ. ಮನೆಯಲ್ಲಿ ಈಗ ಅಕ್ಕನೇ ಮಗ್ಗ ನಡೆಸುತ್ತಾಳೆ. ಮಗ್ಗ ನಿಲ್ಲಿಸಿ ಎದ್ದು ಬಂದು ರೊಟ್ಟಿ ಬಡಿಸಿದಳು. ನಾನು ತುತ್ತು ಮುರಿಯುತ್ತಾ ಕೂತೆ.

"ಯಾಕೋ ತಮ್ಮಾ, ಬರೇ ಮುರದ ಮುರದ ಇಡಾಕತ್ತೀಯಲ್ಲ?"

"ಎಂಟು ದಿನದ ಹಿಂದ ಒಂದ ವಿಮಾನ ಇಳಿಯೂ ಮುಂದ ಗಿರಕಿ ಹೊಡೀತು."

"ಯಾರಿಗರ ಪೆಟ್ಟಾತೇನು?"

"ಇಲ್ಲ. ಒಬ್ಬ ಹುಡುಗಿ ನಡಸ್ತಿದ್ಲು. ಆಕಿಗೇನೂ ಆಗಿಲ್ಲ."

"ತಪ್ಪು ಯಾರದು?"

ಅಕ್ಕನಿಗೆ ನಾನು ಹುಟ್ಟಿದಾಗಿನಿಂದ ಸುಳ್ಳು ಹೇಳಿ ಗೆದ್ದಿಲ್ಲ. "ನಂದು" ಅಂದೆ. ಸರಪಳಿ ಬಿಗಿ ಕಟ್ಟಿದ್ದನ್ನು ಹೇಳಿದೆ. ಅವಳು ತಲೆಯಾಡಿಸಿದಳು. ಬಿಗಿಯ ವಿಷಯ ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ.

"ಆ ಹುಡುಗಿ ಏನಂತಾಳ?"

"ತಪ್ಪು ತನ್ನದ ಅಂತಾಳ. ಹಾರೂದು ಬಿಟ್ಟು ಮನಿಗಿ ಹೋದ್ಲು."

"ನೀ ಏನಂದಿ?"

"ಏನೂ ಅಂದಿಲ್ಲ."

"ಎಂಟು ದಿನಾ?"

"ಹ್ಞೂಂ."

ಅಕ್ಕ ರೊಟ್ಟಿಯ ಬುಟ್ಟಿ ಮುಚ್ಚಿದಳು. ಬೈದಿದ್ದರೆ ನಾನೂ ಎರಡು ಮಾತು ತಿರುಗಿ ಆಡಿ ಹಗುರಾಗುತ್ತಿದ್ದೆ. ಮಜ್ಜಿಗೆ ಬೇಕೇನು ಅಂತಲೂ ಕೇಳದೆ ಕೈ ತೊಳೆದು ಮಗ್ಗದ ಕುಣಿಗೆ ಇಳಿದಳು. ನಾನು ಹೊರಡುವಾಗ "ಬರ್ತೇನಿ" ಅಂದರೆ ತಲೆ ಎತ್ತಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ನಾಳೆ ಬೆಳಿಗ್ಗೆ ಮೊದಲ ಕೆಲಸ ಇದೇ ಎಂದು ನಿಶ್ಚಯಿಸಿದೆ.

ಗುರುವಾರ ಸಾಹೇಬರು ಚಹಾದ ಕಪ್ಪು ಕೆಳಗಿಡುವ ಮೊದಲೇ ಹೇಳಿಬಿಟ್ಟೆ. ಅವರು ನಂಬಲಿಲ್ಲ.

"ಏನ್ ಮಾರಾಯಾ, ಐತವಾರ ನಾನ ಮೂರು ಸಲ ಇಳಿಸೀನಿ. ಒಂದ ಕೂದಲೆಳಿ ಆಕಡೆ ಈಕಡೆ ಆಗಿಲ್ಲ."

"ಐತವಾರ ಗಾಳಿ ಇರಲಿಲ್ರಿ ಸಾಹೇಬ್ರ. ನಿಮ್ಮ ಕಾಲು ನಡುವ ಇದ್ವು, ಗಾಲಿನೂ ನಡುವ ಇತ್ತು."

"ಆಕಿ ಮ್ಯಾಲಿನ ಕನಿಕರಕ್ಕ ನೀ ಇದನ್ನ ಹೇಳಾಕತ್ತಿಲ್ಲಲ್ಲ?"

"ಕನಿಕರ ಇದ್ದಿದ್ರ ಮಂಗಳವಾರನ ಹೇಳ್ತಿದ್ದೆ."

ಮಾತಿನಿಂದ ಬಗೆಹರಿಯುವಂಥದಲ್ಲ ಅದು. ಎರಡು ತಗಡಿನ ನಡುವೆ ಗ್ರೀಸ್ ಹಚ್ಚಿ ಬಾಲದ ಗಾಲಿಯ ಕೆಳಗಿಟ್ಟೆವು, ಭಾರವಿದ್ದೂ ಗಾಲಿ ಸಲೀಸಾಗಿ ತಿರುಗಲಿ ಎಂದು. ಸಾಹೇಬರು ಮುಂದಿನ ಸೀಟಿನಲ್ಲಿ ಕೂತು ಬಲ ಪೆಡಲನ್ನು ಎರಡು ಬೆರಳಿನಷ್ಟು ಒತ್ತಿ ಹಿಡಿದರು. ಗಾಲಿ ನಿಂತ ದಿಕ್ಕಿಗೆ ನಾನು ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದೆ. ಆಮೇಲೆ ತೆಗೆದಿದ್ದ ಕೊಂಡಿಗಳನ್ನು ತಿರುಗಿ ಹಾಕಿ, ಕೈಪಿಡಿ ಪಕ್ಕದಲ್ಲಿ ಬಿಚ್ಚಿಟ್ಟುಕೊಂಡು ಅದರಲ್ಲಿದ್ದಂತೆ ಸಡಿಲು ಬಿಟ್ಟೆ. ಮತ್ತೆ ಅಷ್ಟೇ ಒತ್ತಿದರು. ಮತ್ತೊಂದು ಗೆರೆ ಎಳೆದೆ. ಸಾಹೇಬರು ಇಳಿದು ಬಂದು ನೋಡಿದರು. ಎರಡನೆಯದು ಹೆಚ್ಚು ಕಡಿಮೆ ನೇರವೇ ಇತ್ತು. ಮೊದಲನೆಯದು ಬಾಗಿಲ ಕಡೆಗೆ ಓಡಿಹೋಗುವಂತಿತ್ತು. ಅವರು ತಾವೇ ಇನ್ನೊಮ್ಮೆ ಕೊಂಡಿ ತೆಗೆಸಿ ಮಾಡಿಸಿದರು. ಗೆರೆಗಳು ಅದೇ ಜಾಗಕ್ಕೆ ಬಂದವು.

ಮೊದಲ ಗೆರೆಯ ಮೇಲೆ ಬೂಟಿನ ತುದಿ ಇಟ್ಟು ಅಂದರು, "ಇದರಾಗ ಯಾರ ಕಾಲಾದ್ರೂ ತಡ ಆಗ್ತಾವ."

ಆಮೇಲೆ ದನಿ ತಗ್ಗಿಸಿದರು. "ಹಿಂಗ ಮಾಡು. ಸರಪಳಿ ಬಿಗಿ ಇತ್ತು, ಸಡಿಲ ಮಾಡೀವಿ ಅಂತ ಬರಿ. ಯಾರು ಕಟ್ಟಿದ್ರು, ಯಾವಾಗ, ಅದೆಲ್ಲಾ ಬ್ಯಾಡ. ಪೂರಾ ಬರದ್ರ ನಿನ್ನ ಸಹಿ ನಿಲ್ಲಸ್ತಾರ. ಆಕಿಗಿ ನಾ ಬ್ಯಾರೆ ಕಡೆ ಹೇಳಿ ಏನರ ಮಾಡ್ತೇನಿ."

ಆಸೆಯಾಗಲಿಲ್ಲ ಎಂದರೆ ಸುಳ್ಳು. ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು, ಅದೂ ಗೊತ್ತಿತ್ತು.

"ಹಂಗ ಬರದ್ರ ಆಕಿ ಹೆಸರಿನ ಮುಂದ ಏನ್ ಉಳೀತೈತ್ರಿ?" ಎಂದು ಕೇಳಿದೆ.

ನಾನು ಕೂತು ಬರೆದೆ: ಕೊಂಡಿ ತೆಗೆದದ್ದು ನಾನು, ಅಳತೆಯನ್ನು ಬಾಲ ಎತ್ತಿದ ಸ್ಥಿತಿಯಲ್ಲಿ ನೋಡಿದ್ದು ನಾನು, ಕೈಪಿಡಿಯ ಕ್ರಮ ಗೊತ್ತಿದ್ದೂ ಬಿಟ್ಟಿದ್ದು ನಾನು, ಘಟನೆಯ ದಿನವೇ ಕಾರಣ ತಿಳಿದಿತ್ತು. ಕೊನೆಯ ವಾಕ್ಯ ಬರೆಯಲು ಮೊದಲ ಮೂರಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಅಂದೇ ಮಧ್ಯಾಹ್ನ ಕಲಾದಗಿಗೆ ಹೋದೆ. ಅವಳು ತೋಟದಲ್ಲಿ ಗಿಡದ ಬುಡದ ನೀರಿನ ಪೈಪಿಗೆ ಸಿಕ್ಕಿಕೊಂಡ ಕಸ ತೆಗೆಯುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ. ಅವಳು ಅಳುತ್ತಾಳೆ ಅಥವಾ ನಗುತ್ತಾಳೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ.

"ಯಾವತ್ತ ಗೊತ್ತಾತ್ರಿ ಕಾಕಾ?"

"ಅವತ್ತ ಸಂಜೀಕ."

ಕೈಯಲ್ಲಿದ್ದ ಪೈಪು ಕೆಳಗಿಟ್ಟಳು. "ದಿನಾ ಬೆಳಿಗ್ಗೆದ್ದು ಕುರ್ಚಿ ಮ್ಯಾಲ ಕುಂತು ಗ್ವಾಡಿಗಿ ಕಾಲು ಹಚ್ಚಿ ಒತ್ತಿ ನೋಡ್ತಿದ್ದೆ. ಯಾವ ಕಾಲು ತಡ ಐತಿ, ಎಲ್ಲಿ ತಪ್ಪಿದೆ ಅಂತ. ಇನ್ನ ವಿಮಾನ ಹತ್ತೂದಿಲ್ಲ ಅಂತ ಅಪ್ಪಾಗ ಆಣಿ ಮಾಡಿ ಹೇಳೀನಿ. ಸರಪಳಿ ಬಿಗಿ ಆಗಿದ್ದು ಕೆಲಸದಾಗಿನ ಮಾತು ಕಾಕಾ, ಅದಕ್ಕ ಸಿಟ್ಟಿಲ್ಲ. ಈ ಒಂಬತ್ತ ದಿನದ್ದು ಹೆಂಗ ಬಿಡ್ಲಿ, ನೀವ ಹೇಳ್ರಿ."

ಅವಳ ಅಪ್ಪ ಚಹಾಕ್ಕೆ ಕರೆದರು. ಕುಡಿಯುವ ಯೋಗ್ಯತೆ ಇರಲಿಲ್ಲ, ಕುಡಿಯದೆ ಬರುವ ಧೈರ್ಯವೂ ಇರಲಿಲ್ಲ. ಕುಡಿದು ಬಂದೆ.

ಸಹಿ ನಿಂತಿತು. ಮೂರು ತಿಂಗಳು, ಅದಾದ ಮೇಲೆ ಮತ್ತೆ ಪರೀಕ್ಷೆ ಎಂದು ವಿಮಾನಯಾನ ಇಲಾಖೆಯಿಂದ ಪತ್ರ ಬಂತು. ಸಾಹೇಬರು ಕಲಾದಗಿಗೆ ತಾವೇ ಹೋಗಿ ಅವಳನ್ನು ಕರೆತಂದರು, ಅವಳ ಅಪ್ಪನ ಮುಂದೆ ತಮ್ಮ ಮಾತು ತಪ್ಪೆಂದು ಒಪ್ಪಿಕೊಂಡರಂತೆ. ವಿಮಾನ ಸಿದ್ಧವಾಗಲು ಎರಡು ತಿಂಗಳು ಬೇಕಾಯಿತು. ಹುಬ್ಬಳ್ಳಿಯಿಂದ ಬರುತ್ತಿದ್ದ ಬೇರೊಬ್ಬ ಎಂಜಿನಿಯರ್ ಪ್ರತಿಯೊಂದನ್ನೂ ನೋಡಿ ಸಹಿ ಮಾಡುತ್ತಿದ್ದರು, ಕೈ ಮಾತ್ರ ನನ್ನದು. ರೆಕ್ಕೆಗೆ ಹೊಸ ಬಟ್ಟೆ ಹೊದಿಸಿ ಹೊಲಿದೆ. ಬಾಲದ ಸರಪಳಿಯನ್ನು ನೆಲದ ಮೇಲಿಟ್ಟು, ಅಳತೆಪಟ್ಟಿ ಹಿಡಿದು ಕಟ್ಟಿದೆ. ಅವಳು ದಿನಾ ಬರುತ್ತಿದ್ದಳು. ಕೆಲಸಕ್ಕೆ ಬೇಕಾದಷ್ಟು ಮಾತಾಡುತ್ತಿದ್ದಳು, ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ.

ಭಾದ್ರಪದದ ಒಂದು ಬೆಳಿಗ್ಗೆ ಸಾಹೇಬರು ಅವಳ ಹಿಂದೆ ಕೂತು, ಅವಳು ನಾಲ್ಕು ಸಲ ಇಳಿಸಿದ್ದನ್ನು ನೋಡಿದರು. "ಇನ್ನ ಒಬ್ಬಾಕಿ ಹೋಗು" ಎಂದು ಇಳಿದರು. ಗಾಳಿ ಆಗ ತಾನೇ ಪಶ್ಚಿಮದಿಂದ ಏಳುತ್ತಿತ್ತು. ಅವಳು ಹತ್ತಲಿಲ್ಲ. ಬಾಲದ ಹತ್ತಿರ ಹೋಗಿ, ನೆಲದ ಮೇಲೆ ಮಲಗಿ, ಎರಡೂ ಸರಪಳಿಯನ್ನು ಒಂದೊಂದಾಗಿ ಬೆರಳಿನಿಂದ ಎತ್ತಿ ಬಿಟ್ಟು ನೋಡಿದಳು. ಎದ್ದು ಬೆನ್ನಿನ ಮಣ್ಣು ಕೊಡವಿಕೊಂಡಳು.

"ಇದನ್ನ ಕಟ್ಟಿದವ್ರು ಯಾರ್ರಿ?"

"ನಾನ" ಅಂದೆ.

"ಹಂಗಾರ ಹಿಂದ ಹತ್ತಿ ಕುಂದರ್ರಿ."

ಸಾಹೇಬರ ಕಡೆ ನೋಡಿದೆ. ಅವರು ಬೇರೆ ಕಡೆ ನೋಡುತ್ತಿದ್ದರು. ನಾನು ವಿಮಾನ ಬಿಚ್ಚಿ ಕಟ್ಟುವವನು, ಹಾರುವವನಲ್ಲ. ಗಾಳಿ ಇರುವಾಗಂತೂ ಒಮ್ಮೆಯೂ ಕೂತವನಲ್ಲ. ಹತ್ತಿ ಪಟ್ಟಿ ಬಿಗಿದುಕೊಂಡೆ.

ಮೇಲೆ ಹೋದಾಗ ಬಾದಾಮಿಯ ಕಡೆಯ ಕೆಂಪು ಗುಡ್ಡಗಳು ಕಂಡವು, ಮಲಪ್ರಭೆ ಕಂಡಿತು. ಅವನ್ನು ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಒಂದು ಸುತ್ತು ಹಾಕಿ ಉತ್ತರಕ್ಕೆ ತಿರುಗಿಸಿದಳು. ಎಡರೆಕ್ಕೆ ತಗ್ಗಿತು. ನನ್ನ ಕಾಲಿಗೆ ತಾಗಿದ್ದ, ಮುಂದಿನದಕ್ಕೆ ಜೋಡಿಸಿದ್ದ ಬಲ ಪೆಡಲ್ ಅವಳ ಕಾಲಿನ ಜೊತೆಗೇ ತಾನಾಗಿ ಒತ್ತಿಕೊಂಡಿತು, ಹಾಗೆಯೇ ನಿಂತಿತು. ನೆಲ ಮೇಲಕ್ಕೆ ಬಂತು. ಮೂರೂ ಗಾಲಿ ಒಟ್ಟಿಗೆ ಮುಟ್ಟಿದವು. ನಾನು ಹಲ್ಲು ಕಚ್ಚಿ ಆ ಚಿಮ್ಮುವಿಕೆಗೆ ಕಾದೆ. ಪೆಡಲುಗಳು ಎಡಕ್ಕಿಷ್ಟು ಬಲಕ್ಕಿಷ್ಟು ಪುಟ್ಟದಾಗಿ ಆಡಿದವು. ಗರಸು ಮಣ್ಣು ಕೆಳಗೆ ಸರಿಯಿತು, ನೇರವಾಗಿ, ಕೊನೆಯವರೆಗೂ ನೇರವಾಗಿ. ಅವಳ ಕಾಲು ಎಂದೂ ತಡ ಇರಲಿಲ್ಲ. ಅದನ್ನು ನನ್ನ ಕಾಲೇ ಅಂದು ಅರಿಯಿತು.

ಶೆಡ್ಡಿನ ಮುಂದೆ ನಿಲ್ಲಿಸಿದಳು. ಎಂಜಿನ್ ಆರಿಸಲಿಲ್ಲ. ತಿರುಗಿಯೂ ನೋಡಲಿಲ್ಲ.

"ಇಳೀರಿ ಕಾಕಾ," ಅಂದಳು. "ಇನ್ನ ನಾ ಒಬ್ಬಾಕೇ ಹೋಗ್ತೇನಿ."